ಜಾತಕದ ಹಿಂಬದಿ

ಗೆಳೆಯರೇ, ಇವತ್ತು ಮನೆಯಲ್ಲಿ ತಲೆ ಎತ್ತಲಾಗಲಿಲ್ಲ. ತಂಗಿಯನ್ನು ನೋಡಲು ನುಗ್ಗೇಹಳ್ಳಿಯವರು ಬಂದಿದ್ದರು. ಅಪ್ಪ ಕೊಟ್ಟ ಜಾತಕವನ್ನು ಗಂಡಿನ ತಂದೆ ತಿರುಗಿಸಿ, ಹಿಂಬದಿಯನ್ನು ಗಟ್ಟಿಯಾಗಿ ಓದಿದರು: “ಎಡಬಾಗಿಲು ತೆರೆದರೆ ಸಾವು. ಮೂರು ಗಂಟೆಗಳನ್ನೂ ಬಾರಿಸಿದೆ, ಪ್ರೇತ ಹೋಗುತ್ತಿಲ್ಲ.”

“ಇದೇನ್ ಯಜಮಾನ್ರೇ, ಮಾಟ ಗೀಟ ಮಾಡುಸ್ತೀರಾ?”

“ಕಂಪ್ಯೂಟರ್ ಗೇಮ್ ಸಾ, ನಾನೇ ಬರ್ಕಂಡಿದ್ದು,” ಎಂದೆ.

ಆ ಗೇಮಿನಲ್ಲಿ ಮಂಜು ಕವಿದ ಹಾಳು ಬಂಗಲೆಯೊಂದರ ಒಗಟಿನಲ್ಲಿ ಹದಿನೈದು ದಿನದಿಂದ ಸಿಕ್ಕಿಕೊಂಡಿದ್ದೆ. ಕೈಗೆ ಸಿಕ್ಕ ಹಾಳೆಯಲ್ಲಿ ಅದರ ನಕ್ಷೆ ಬರೆದಿದ್ದೆ.

“ಮೂವತ್ತು ವರ್ಸ ಆಯ್ತಲ್ಲೋ ನಿಂಗೆ!” ಎಂದರು ಅಪ್ಪ.

“ತಿಳಿಸ್ತೀವಿ” ಎಂದು ಅವರು ಎದ್ದು ಹೋದರು. ತಂಗಿ ಹಾಳೆಯನ್ನು ನನ್ನ ಕೈಗಿಟ್ಟಳು. ಕ್ಷಮೆ ಕೇಳಲೆಂದೇ ಬಾಯಿ ತೆರೆದೆ. ಕಣ್ಣು ನಕ್ಷೆಯ ಮೇಲೆ ಬಿತ್ತು.

“ಅಯ್ಯೋ, ಗಂಟೆ ಮೂರಲ್ಲ, ನಾಲ್ಕವೆ ಕಣೇ!”

ಬಂಗಲೆಯ ಬಾಗಿಲು ಸಂಜೆ ತೆರೆಯಿತು. ತಂಗಿಯ ಕೋಣೆಯದು ಇನ್ನೂ ತೆರೆದಿಲ್ಲ.