ಮುಂದಿನ ಗುಂಡು

ಹವಾಲ್ದಾರ್ ಸಾಹೇಬರ ಬಲಗೆನ್ನೆಯ ಮೇಲೆ ರೂಪಾಯಿಯಗಲದ ಕಪ್ಪು ಕಲೆಯಿತ್ತು. ಬಂದೂಕಿನ ಕಟ್ಟಿಗೆಗೆ ಒತ್ತಿ ಒತ್ತಿ ಅಲ್ಲಿಯ ಚರ್ಮ ಒರಟಾಗಿಬಿಟ್ಟಿತ್ತು. ಮುಖವೆಲ್ಲ ನಕ್ಕರೂ ಆ ಜಾಗ ಮಾತ್ರ ಅಲುಗುತ್ತಿರಲಿಲ್ಲ.

ಮೂಲ ಸವಣೂರಿನವರು. ಮೊದಲ ಮಹಾಯುದ್ಧ ಮುಗಿಸಿ ಬಂದು ಶಿಗ್ಗಾಂವಿಯಲ್ಲಿ ಮನೆ ಮಾಡಿದ್ದರು. ನಾನು ಅಲ್ಲಿಯ ಠಾಣೆಯಲ್ಲಿ ಪೊಲೀಸನಾಗಿದ್ದೆ. ಜಿಲ್ಲೆಯ ಗುರಿ ಪಂದ್ಯದಲ್ಲಿ ನನ್ನ ಗುಂಡುಗಳು ಹಲಗೆಯನ್ನೇ ಮುಟ್ಟದೆ ಹೋದ ವರ್ಷ ಜತೆಯವರು ಹೊಟ್ಟೆ ಹಿಡಿದು ನಕ್ಕರು. ಇನ್ನೊಮ್ಮೆ ಹೀಗಾದರೆ ಬಂದೂಕು ಕಸಿದುಕೊಳ್ಳುತ್ತೇನೆಂದು ಗದರಿದ ಠಾಣೆಯ ಫೌಜದಾರರೇ ನನ್ನನ್ನು ಸಾಹೇಬರ ಬಳಿಗೆ ಕಳಿಸಿದರು.

ತಡಸದ ದಾರಿಯಲ್ಲಿ ಒಂದು ಮಣ್ಣುದಿನ್ನೆಯ ಮುಂದೆ ಹಲಗೆ ನಿಲ್ಲಿಸಿದೆವು. ಬಹಳ ದಿನ ಅವರು ಗುಂಡು ತುಂಬಲು ಬಿಡಲೇ ಇಲ್ಲ. ಬರಿಯ ಬಂದೂಕು ಹಿಡಿದು ಕಣ್ಣು ಮುಚ್ಚಬೇಕು. ಗುಂಡು ಹಲಗೆಯ ನಡುವಿನ ಕಪ್ಪು ಚುಕ್ಕೆಗೆ ಹೋಗಿ ಬೀಳುವುದನ್ನು ಮನಸ್ಸಿನಲ್ಲೇ ನೋಡಬೇಕು.

"ಒಳಗ ಏನು ಅನಕೋತಿ?" ಎಂದು ಒಂದು ದಿನ ಕೇಳಿದರು.

"ತಪ್ಪಬಾರದು ಅನಕೋತೇನ್ರಿ."

"ಅದ ನೋಡು ಕೆಡಸೂದು. ತಪ್ಪೂದು ಅನ್ನೂ ಮಾತು ಮನಸ್ಸಿಗೆ ಬಂದ್ರ ಬೆರಳಿಗೂ ಬರ್ತೈತಿ. ಎಲ್ಲಿ ಬೀಳಬೇಕೋ ಅಷ್ಟ ನೋಡು, ತಮ್ಮಾ. ಹಾರಿದ ಗುಂಡು ನಿಂದಲ್ಲ. ಮುಂದಿನದು ನಿಂದು."

ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅವರ ಒಬ್ಬನೇ ಮಗ ಬರ್ಮಾದ ಕಡೆ ಸಿಪಾಯಿಯಾಗಿದ್ದ. ಅವನ ಸುದ್ದಿ ನಿಂತು ಹೋಗಿತ್ತು. ಸಂತೆಯಲ್ಲಿ ಒಬ್ಬ ಪರಿಚಯದವನು, "ಬಂದ ಬರ್ತಾನ, ಒಳ್ಳೇದ ಅನಕೋರಿ ಸಾಹೇಬ್ರ" ಎಂದು ಸಮಾಧಾನ ಹೇಳಿದ.

"ಅವ ಬರೂದು ನನ್ನ ಕೈಯಾಗಿಲ್ಲಪ್ಪ" ಎಂದರು ಸಾಹೇಬರು. "ಬಂದ ದಿನ ಅವನಪ್ಪ ನೆಟ್ಟಗ ನಿಂತಿರಬೇಕು. ಅದು ನನ್ನ ಕೈಯಾಗೈತಿ."

ಮಗ ಬರಲಿಲ್ಲ. ಪಂದ್ಯ ಹತ್ತಿರವಾದಾಗ ಅವನು ಸತ್ತ ಸುದ್ದಿ ಬಂತು. ನಾನು ಹೋದಾಗ ಸಾಹೇಬರು ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಒಳಗೆ ಅವರ ಹೆಂಡತಿಯ ಅಳು ಕೇಳುತ್ತಿತ್ತು.

"ಈ ವರ್ಷ ನನಗ ಪಂದ್ಯ ಬ್ಯಾಡ್ರಿ" ಎಂದೆ.

ಸಾಹೇಬರು ಕಟ್ಟೆಯಿಂದ ಎದ್ದು ಅಂದರು: "ನನ್ನ ದುಃಖ ನನ್ನದು. ಅದನ್ನ ನಿನ್ನ ಬಂದೂಕಿನ್ಯಾಗ ತುಂಬಬ್ಯಾಡ. ನಡಿ, ನಾನೂ ಬರ್ತೇನಿ."

ಧಾರವಾಡದ ಬಯಲಿನಲ್ಲಿ ನನ್ನ ಮೊದಲ ಗುಂಡು ಹಲಗೆಯ ಹೊರಗೇ ಹೋಯಿತು. ಹಿಂದೆ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದೆ. ಜನರ ನಡುವೆ ಕೂತಿದ್ದ ಸಾಹೇಬರು ಕಣ್ಣು ಮುಚ್ಚಿದರು, ಅಷ್ಟೇ. ನಾನೂ ಮುಚ್ಚಿದೆ. ಮೊದಲು ಕಂಡದ್ದು ಸತ್ತ ಹುಡುಗನ ಮುಖ. ಉಸಿರು ಬಿಟ್ಟು ಕಾದೆ. ಮೆಲ್ಲಗೆ ಆ ಕಪ್ಪು ಚುಕ್ಕೆ ಬಂದು ನಿಂತಿತು. ಆಮೇಲಿನ ಗುಂಡುಗಳೆಲ್ಲ ಅಲ್ಲೇ ಬಿದ್ದವು.

ಮೂರನೆಯವನಾದೆ. ಬಂದೂಕು ಉಳಿಯಿತು. ಮರಳುವ ಮೋಟಾರಿನಲ್ಲಿ ಸಾಹೇಬರು ಎಷ್ಟನೆಯವನಾದೆ ಎಂಬ ಮಾತೇ ಎತ್ತಲಿಲ್ಲ.

"ಮೊದಲಿನದು ಹೋದ ಮ್ಯಾಲೆ ಎರಡನೇದಕ್ಕ ಹೆಂಗ ಬಂದಿ?"

"ಹೋದದ್ದು ಹೋತು ಅಂದೇನ್ರಿ."

ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಆಮೇಲೆ ಅಳತೊಡಗಿದರು. ಮಗ ಹೋದ ಮೇಲೆ ಅವರು ಅತ್ತದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ಶಿಗ್ಗಾಂವಿ ಬರುವ ತನಕ ಅತ್ತರು. ನಾನು ಅವರ ಕೈ ಹಿಡಿದು ಕೂತಿದ್ದೆ.

ಸ್ವಾತಂತ್ರ್ಯ ಬಂದ ಮೇಲೆ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಅವರು ತೀರಿಕೊಂಡ ಸುದ್ದಿ ಕೇಳಿ ಓಡಿದೆನಾದರೂ ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಅವರ ಹೆಂಡತಿ ನನ್ನನ್ನು ಚಾಪೆಯ ಮೇಲೆ ಕೂರಿಸಿ ಹೇಳಿದರು: "ದಮ್ಮು ಹೆಚ್ಚಾಗಿತ್ತಪ್ಪ. ಆದ್ರೂ ದಿನಾ ಮುಂಜಾನೆ 'ಇವತ್ತ ಮನಿ ಮುಂದಿನ ಬೇವಿನ ಗಿಡದ ತನಕ ಹೋಗ್ತೇನಿ' ಅಂತಿದ್ರು. ಹೊಸ್ತಿಲಕ್ಕ ಬಂದು ಕುಂದರತಿದ್ರು. ಮರುದಿನ ಮತ್ತ ಅದ ಮಾತು."

"ಕಡೀಕ ಮುಟ್ಟಿದ್ರೇನ್ರಿ ಅವ್ವಾ?"

"ಮುಟ್ಟಿದ್ರು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೋಗೂ ಹಿಂದಿನ ದಿನ. ನಾ ಚಾ ಒಯ್ದು ಕೊಟ್ಟೆ. ಆ ಗಿಡದ ಬುಡಕ್ಕ ಕುಂತು ಎಲ್ಲಾನೂ ಕುಡದ್ರು."