ಸರ್ವರ್‌ ಬಾಯಿ ಬಿಡಿಸಿದ ಉಷಾರಾಣಿ ಮೇಡಂ

ಚಿತ್ರದುರ್ಗ ಜಿಲ್ಲೆಯಲ್ಲಿ ಗಣಕ ವಿಜ್ಞಾನವನ್ನು ಬೋಧಿಸಿದ ಅಧ್ಯಾಪಕರು ಅನೇಕರಿದ್ದಾರೆ. ಆದರೆ ಮೊಂಡು ಹಿಡಿದು ನಿಂತ ಗಣಕದ ಮುಂದೆ ತಾವೂ ಅಷ್ಟೇ ಮೊಂಡಾಗಿ ಕುಳಿತು, ಅದರ ಸಂಕಟವನ್ನು ಅದರ ಬಾಯಿಂದಲೇ ಹೇಳಿಸಿದವರಲ್ಲಿ ಪ್ರೊ. ಉಷಾರಾಣಿಯವರಿಗೆ ಅಗ್ರಸ್ಥಾನ ಸಲ್ಲಬೇಕು; ಎರಡನೆಯ ಸ್ಥಾನಕ್ಕೆ ಇದುವರೆಗೆ ಯಾರೂ ಅರ್ಜಿ ಹಾಕಿಲ್ಲ.

ಹಿರಿಯೂರಿನಲ್ಲಿ ಸೇವೆ ಆರಂಭಿಸಿದ ದಿನಗಳಲ್ಲಿ, ಚಿತ್ರಗಳಿಲ್ಲದ ಕಪ್ಪು ಪರದೆ ಕಂಡು ಹಿಂಜರಿಯುತ್ತಿದ್ದ ವಿದ್ಯಾರ್ಥಿಗಳನ್ನು ಅವರು, “ಇಷ್ಟು ವರ್ಷ ಕರಿಹಲಗೆ ನೋಡೀರಲ್ಲ, ಅದೇನಾದ್ರೂ ಕಚ್ಚಿತಾ?” ಎಂದು ಕೇಳಿ ಕೂರಿಸುತ್ತಿದ್ದರು. ಹೊಸದುರ್ಗಕ್ಕೆ ವರ್ಗವಾದ ಮೇಲೆ, ಕರೆಂಟು ಹೋದ ದಿನ ಇಡೀ ತರಗತಿಯನ್ನು ಮನೆಗೆ ಕರೆದೊಯ್ದು, ಅವಲಕ್ಕಿಗೆ ಒಗ್ಗರಣೆ ಹಾಕುತ್ತಲೇ ಪಾಠ ಮುಂದುವರಿಸುತ್ತಿದ್ದರು. ಗಣಕ ಏಳುವಾಗ ಅದರೊಳಗಿನ ಸೇವೆಗಳನ್ನು, ಅಂದರೆ ತೆರೆಮರೆಯಲ್ಲಿ ದುಡಿಯುವ ತಂತ್ರಾಂಶಗಳನ್ನು, ಒಂದೊಂದಾಗಿ ಎಬ್ಬಿಸುವ ಮೇಲ್ವಿಚಾರಕನೊಬ್ಬನಿರುತ್ತಾನೆ, ಯಾರು ಮೊದಲು ಏಳಬೇಕು, ಯಾರು ಯಾರಿಗೆ ಕಾಯಬೇಕು ಎಂಬುದೆಲ್ಲ ಅವನ ಜವಾಬ್ದಾರಿ, ಗಣಕ ಏಳುವ ಮೊದಲು ಓದಿಕೊಳ್ಳುವ ಆಜ್ಞೆಯ ಸಾಲಿನಲ್ಲಿ, ಅಂದರೆ ಬೂಟ್ ಸಾಲಿನಲ್ಲಿ, ಒಂದೆರಡು ಪದ ಬರೆದುಕೊಟ್ಟರೆ ಅವನು ನಡೆದದ್ದನ್ನೆಲ್ಲ ವರದಿ ಒಪ್ಪಿಸುತ್ತಾನೆ ಎಂಬ ಪಾಠವನ್ನು ಆ ಮಕ್ಕಳು ಇಂದಿಗೂ ಒಗ್ಗರಣೆಯ ಪರಿಮಳದೊಡನೆಯೇ ನೆನೆಯುತ್ತಾರೆ.

ಆ ವಿದ್ಯೆಗೆ ನಿಜವಾದ ಪರೀಕ್ಷೆ ಒದಗಿದ್ದು ಹೊಳಲ್ಕೆರೆಯ ಕಾಲೇಜಿನಲ್ಲಿ, ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ. ವಿದ್ಯಾರ್ಥಿಗಳ ಪ್ರಾಜೆಕ್ಟುಗಳೆಲ್ಲ ಇದ್ದ ಸರ್ವರ್ ಏಳಲೇ ಇಲ್ಲ. ಪರದೆಯ ಮೇಲೊಂದು ಚಕ್ರ ತಿರುಗುತ್ತಿತ್ತು, ಅಷ್ಟೆ. ಬಾಹ್ಯ ಪರೀಕ್ಷಕರಾಗಿ ಬಂದಿದ್ದ ಕನಕರಾಜ್ ಗಡಿಯಾರ ನೋಡಿ, “ಮಧ್ಯಾಹ್ನದೊಳಗೆ ಶುರು ಆಗ್ಲಿಲ್ಲ ಅಂದ್ರೆ ಎಲ್ರಿಗೂ ಗೈರುಹಾಜರಿ ಬರೀಬೇಕಾಗ್ತೈತ್ರಿ” ಎಂದರು. ಫೋನಿನಲ್ಲಿ ಸಿಕ್ಕ ದುರಸ್ತಿಗಾರರು, “ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡ್ರಿ” ಎಂದು ಪರಿಹಾರ ಸೂಚಿಸಿದರು. ಪ್ರಾಂಶುಪಾಲರಾದ ನಾಗಭೂಷಣ ಅವರು ಅದಕ್ಕೆ ಒಪ್ಪುವುದರಲ್ಲಿದ್ದರು.

ಕುರಿಗಳಿಗೆ ಲಸಿಕೆ ಹಾಕಿಸುವ ದಿನವನ್ನು ನೆನಪಿಸುವ ತಂತ್ರಾಂಶ ಬರೆದಿದ್ದ ಚೈತ್ರಾ ಎಂಬ ವಿದ್ಯಾರ್ಥಿನಿಯ ಕಣ್ಣಲ್ಲಿ ನೀರಾಡಿತು. “ಮೇಡಂ, ನಿನ್ನೆ ಸಂಜೆ ತನಕ ಮಾಡಿದ್ದು ಎಲ್ಲಾ ಅದ್ರಾಗೇ ಐತೆ.”

ಉಷಾರಾಣಿಯವರು ಸೆರಗು ಸಿಕ್ಕಿಸಿ ಕುಳಿತರು. “ಅಳ್ಸೋದು ಆಮೇಲೆ. ಮೊದ್ಲು ಇದಕ್ಕೇನಾಗೈತೆ ಅಂತ ಇದನ್ನೇ ಕೇಳಾಣ.”

ಯಂತ್ರವನ್ನು ಮತ್ತೆ ಆರಂಭಿಸಿ, ಬೂಟ್ ಸಾಲು ತೆರೆದು, ಅದರಲ್ಲಿದ್ದ ‘ಕ್ವಯಟ್’ ಎಂಬ ಪದವನ್ನು, ಅಂದರೆ ಸುಮ್ಮನಿರೆಂಬ ಆಜ್ಞೆಯನ್ನು, ಅಳಿಸಿ ಎಲ್ಲವನ್ನೂ ಬಿಡಿಸಿ ಹೇಳುವಂತೆ ಡೀಬಗ್ ಆಯ್ಕೆಯನ್ನು ಬರೆದರು. ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಸರ್ವರ್ ಸಾಲುಸಾಲಾಗಿ ಒದರತೊಡಗಿತು. ಒಂದು ಸಾಲಿಗೆ ಬಂದು ನಿಂತೇಬಿಟ್ಟಿತು: ಕಾಲೇಜು ಪ್ರಾರ್ಥನೆ ನಡೆಯುತ್ತಿದೆ, ಕಾಲಮಿತಿ ಇಲ್ಲ.

ಉಷಾರಾಣಿಯವರಿಗೆ ಎಲ್ಲವೂ ಅರ್ಥವಾಯಿತು. ಪ್ರಾರ್ಥನೆಯಿಲ್ಲದೆ ಕಾಲೇಜಿನಲ್ಲಿ ಯಾವ ಕೆಲಸವೂ ಶುರುವಾಗಬಾರದು, ಗಣಕದ ಕೆಲಸವೂ ಸಹ, ಎಂದು ಪ್ರಾಂಶುಪಾಲರು ಆಜ್ಞಾಪಿಸಿದ್ದರು. ಕಿರಿಯ ಅಧ್ಯಾಪಕ ಚೇತನ್‌ಕುಮಾರ್ ಅದನ್ನು ಅಕ್ಷರಶಃ ಪಾಲಿಸಿ, ಪ್ರಾರ್ಥನೆ ನುಡಿಸುವ ಸೇವೆಯನ್ನು ಮಿಕ್ಕೆಲ್ಲ ಸೇವೆಗಳ ಮುಂದೆ ನಿಲ್ಲಿಸಿದ್ದರು. ಸ್ಪೀಕರ್ ಮಾತ್ರ ಕ್ರೀಡಾಕೂಟಕ್ಕೆಂದು ಮೈದಾನ ಸೇರಿತ್ತು. ಸರ್ವರ್ ಅದನ್ನೇ ಹುಡುಕುತ್ತಾ ನಿಂತಿತ್ತು.

ಕಾಲೇಜಿನ ಶಿಸ್ತನ್ನು ಕನಕರಾಜರಿಗೆ ವರ್ಣಿಸುತ್ತಿದ್ದ ಪ್ರಾಂಶುಪಾಲರ ಮುಖ ನೋಡಿ, ಇದು ನಿಮ್ಮ ಆಜ್ಞೆಯ ಫಲವೆಂದು ಎಲ್ಲರೆದುರು ಹೇಳಲು ಉಷಾರಾಣಿಯವರಿಗೆ ಮನಸ್ಸು ಬರಲಿಲ್ಲ. ಪ್ರತಿ ಸೇವೆಯನ್ನೂ ಕೇಳಿಯೇ ಎಬ್ಬಿಸುವ ಇನ್ನೊಂದು ಆಯ್ಕೆಯನ್ನು ಬೂಟ್ ಸಾಲಿಗೆ ಸೇರಿಸಿ, ಕುರ್ಚಿ ಬಿಟ್ಟು ಎದ್ದರು.

“ಬರ್ರಿ ಸಾರ್, ಕುಂತ್ಕಳ್ರಿ. ಇವತ್ತು ಸರ್ವರ್ ನಿಮ್ಮ ಅನುಮತಿ ಇಲ್ದೆ ಒಂದು ಹೆಜ್ಜೆನೂ ಇಡಲ್ಲ.”

ಪ್ರಾಂಶುಪಾಲರ ಮುಖ ಅರಳಿತು. ಪರದೆ ಕೇಳಿದಂತೆಲ್ಲ ಅವರು ಗಂಭೀರವಾಗಿ ‘ವೈ’ ಒತ್ತಿ ಒಪ್ಪಿಗೆ ನೀಡುತ್ತಾ ಹೋದರು. “ಸಿಬ್ಬಂದಿಯೂ ಹಿಂಗೇ ಕೇಳಿದ್ರೆ ಎಷ್ಟು ಚೆನ್ನಾಗಿತ್ತು!” ಎಂದೂ ಹೇಳಿದರು. ಆಮೇಲೆ ಕಾಲೇಜು ಪ್ರಾರ್ಥನೆಯ ಸರದಿ ಬಂತು. ಅವರ ಬೆರಳು ನಿಂತಿತು, ಕಿವಿ ಕೆಂಪಾಯಿತು.

“ಇದು ನಾನೇ ಹೇಳಿ ಹಾಕ್ಸಿದ್ದಲ್ವಾ ಮೇಡಂ?” ಎಂದು ಮೆಲ್ಲಗೆ ಕೇಳಿದರು.

“ಹೌದು ಸಾರ್. ಸ್ಪೀಕರ್ ಇಲ್ಲಿಲ್ಲ. ಸ್ಕಿಪ್ ಅನ್ನೋ ‘ಎಸ್’ ಒತ್ರಿ, ಪ್ರಾರ್ಥನೆ ಆಯ್ತು ಅಂತ ತಿಳ್ಕಂಡು ಮುಂದೆ ಹೋಗ್ತೈತೆ.”

“ಆಗದೆ ಇರೋದನ್ನ ಆಯ್ತು ಅಂತ ಹೆಂಗ್ರಿ ಹೇಳ್ಲಿ?”

ಕೈ ಚಾಚಿ ತಾವೇ ಕೀಲಿ ಒತ್ತಿಬಿಡಬಹುದಿತ್ತು. ಉಷಾರಾಣಿಯವರು ಒತ್ತಲಿಲ್ಲ. “ಹಂಗಾದ್ರೆ ಪ್ರಾರ್ಥನೆ ಮಾಡೇಬಿಡಾಣ ಸಾರ್” ಎಂದು ಕೈಮುಗಿದು ಹಾಡತೊಡಗಿದರು. ಅವರ ಜ್ಞಾನದಷ್ಟೇ ಅವರ ಅಪಶ್ರುತಿಯೂ ಪ್ರಸಿದ್ಧವಾದದ್ದು. ಅದನ್ನು ಸರಿಪಡಿಸುವ ಆತುರದಲ್ಲೇ ವಿದ್ಯಾರ್ಥಿಗಳೆಲ್ಲ ದನಿಗೂಡಿಸಿದರು. ಕನಕರಾಜ್ ಕೂಡ ಗಡಿಯಾರ ಮರೆತು ಎದ್ದು ನಿಂತರು. ಹಾಡು ಮುಗಿಯಿತು. ಪ್ರಾಂಶುಪಾಲರು ನಿರ್ಮಲ ಮನಸ್ಸಿನಿಂದ ‘ಎಸ್’ ಒತ್ತಿದರು. ಸರ್ವರ್ ಎದ್ದಿತು. ಎಲ್ಲರಿಗಿಂತ ಮೊದಲು ಚೈತ್ರಾಳ ಕುರಿಗಳು ಪರದೆಯ ಮೇಲೆ ಬಂದವು. ಅಂದು ಒಬ್ಬರಿಗೂ ಗೈರುಹಾಜರಿ ಬೀಳಲಿಲ್ಲ.

ಪರೀಕ್ಷೆಯ ನಂತರ ಉಷಾರಾಣಿಯವರು ಚೇತನ್‌ಕುಮಾರರನ್ನು ಗದರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಪ್ರಾರ್ಥನೆಗೊಂದು ಕಾಲಮಿತಿ ಹಾಕಿಸಿ, ಅದನ್ನು ಸೇವೆಗಳ ಸಾಲಿನ ಕೊನೆಗೆ ಸರಿಸಿದರು. “ಪ್ರಾರ್ಥನೆ ಕೊನೆಗಾ?” ಎಂದು ಪ್ರಾಂಶುಪಾಲರು ಹುಬ್ಬೇರಿಸಿದಾಗ, “ಎಲ್ರೂ ಬಂದು ನಿಂತ್ಮೇಲೆ ತಾನೇ ಸಾರ್ ಪ್ರಾರ್ಥನೆ ಶುರು ಮಾಡೋದು?” ಎಂದರು.

ಇದೀಗ ಉಷಾರಾಣಿಯವರು ಬೂಟ್ ಆಯ್ಕೆಗಳನ್ನು ಕುರಿತು ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದಾರೆ. ಈ ಲೇಖನದ ಕರಡನ್ನು ಅವರಿಗೆ ತೋರಿಸಿದಾಗ, ‘ವಿದ್ಯಾವಾರಿಧಿ’, ‘ಜ್ಞಾನಶಿಖರ’ ಮುಂತಾದ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, ತಾಂತ್ರಿಕ ತಪ್ಪೊಂದನ್ನು ತಿದ್ದಿ, “ಹಾಡಿದ ವಿಷಯ ಬಿಡಬಹುದಿತ್ತು” ಎಂದು ಅಂಚಿನಲ್ಲಿ ಬರೆದು ಕಳುಹಿಸಿದರು. ಅವರನ್ನು ಗೌರವಿಸಲೆಂದು ಈ ಲೇಖನವನ್ನು ಸಿದ್ಧಪಡಿಸಿದ ನಮ್ಮ ಅಭಿನಂದನ ಸಮಿತಿಯು ಇದೊಂದು ವಿಷಯದಲ್ಲಿ ಅವರ ಮಾತನ್ನು ಮೀರಿದೆ. ಈ ಅವಿಧೇಯತೆಗಾಗಿ ನಮ್ಮನ್ನು ಗದರಿಸುವಷ್ಟು ಆರೋಗ್ಯವೂ, ಕೈಪಿಡಿಯನ್ನು ಮುಗಿಸುವಷ್ಟು ಬಿಡುವೂ, ಅದರ ಹತ್ತಾರು ಮುದ್ರಣಗಳನ್ನು ತಾವೇ ತಿದ್ದುವಷ್ಟು ದೀರ್ಘ ಆಯುಸ್ಸೂ ಅವರಿಗೆ ಒದಗಲಿ.