ಬೀಜ ಬೇರೆ, ಗಂಟು ಬೇರೆ

ನಮ್ಮ ಡಾಕ್ಟರಮ್ಮನ ಅಂಗೈ ಸದಾ ಬೆಚ್ಚಗಿರುತ್ತಿತ್ತು. ಸ್ಕ್ಯಾನಿಂಗಿಗೆ ಹಚ್ಚುವ ಜೆಲ್ಲನ್ನು ಬಿಸಿನೀರಿನ ಚೊಂಬಿನಲ್ಲಿಟ್ಟು, ಮೊದಲು ತಮ್ಮ ಅಂಗೈಗೆ ಉಜ್ಜಿ ನೋಡಿ, ಆಮೇಲೆ ರೋಗಿಯ ಮೈಗೆ ಸವರುತ್ತಿದ್ದರು. ದನಿ ಮಾತ್ರ ಕಡೂರು ಬಸ್‌ಸ್ಟ್ಯಾಂಡಿಗೆ ಕೇಳಬೇಕು!

ಎಂಬತ್ತರ ದಶಕದ ಕೊನೆ. ಆ ಮಷೀನು ಊರಿಗೆ ಹೊಸದು. ಜನ ಅದನ್ನು 'ಬಸುರೀರ ಟೀವಿ' ಎನ್ನುತ್ತಿದ್ದರು. ಅಜ್ಜಂಪುರದಿಂದ ಬಂದ ನಾನು, ಮೀಸೆ ಹೊತ್ತ ಗಂಡಸು, ಆ ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಬೀಜದ ಬಳಿ ಗಂಟು ಕಾಣಿಸಿಕೊಂಡಿತ್ತು. "ಕ್ಯಾನ್ಸರಾದರೆ ಬೀಜವನ್ನೇ ತೆಗೀಬೇಕಾಗುತ್ತೆ, ಮೊದಲು ಸ್ಕ್ಯಾನ್ ಆಗಲಿ" ಎಂದು ಸರ್ಜನ್ನರು ಕಳಿಸಿದ್ದರು. ಹರೆಯದಲ್ಲಿ ಬಂದ ಮಂಗನಬಾವಿಗೆ ಇನ್ನೊಂದು ಬೀಜ ಆಗಲೇ ಸೊರಗಿಹೋಗಿತ್ತು. ಉಳಿದದ್ದು ಅದೊಂದೇ.

ಪಕ್ಕದಲ್ಲಿದ್ದ ಯಗಟಿಯ ಬಸುರಿ, "ಯಾರ್ ಜೊತೆ ಬಂದಿದೀರಣ್ಣ?" ಎಂದಳು.

"ಹೆಂಡ್ತಿ ಜೊತೆ" ಎಂದುಬಿಟ್ಟೆ.

"ಎಲ್ಲವ್ರೆ, ಕಾಣ್ಸಲ್ವಲ್ಲ?" ಎಂದು ಅವಳು ಹುಡುಕುವಷ್ಟರಲ್ಲಿ ನನ್ನ ಹೆಸರನ್ನೇ ಕೂಗಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಒಳಗೆ ಹೋಗಿ, "ತೊಡೆ ನೋವು ಮೇಡಂ" ಎಂದೆ.

"ಈ ತಾಲೂಕಿನ ಗಂಡಸ್ರಿಗೆಲ್ಲ ಬೀಜ ಊದಿದ್ರೆ ತೊಡೆ ನೋವು!" ಎಂದರು ಡಾಕ್ಟರಮ್ಮ, ಸರ್ಜನ್ನರ ಚೀಟಿ ನೋಡುತ್ತ. "ಲೇ, ಹೊಲಕ್ಕೆ ಬಿತ್ತೋವಾಗ ಬೀಜ ಅಂತೀಯಲ್ಲ, ಇಲ್ಲೇನೋ ನಾಚ್ಕೆ? ಮಲಕ್ಕೋ."

ಕಣ್ಣು ಮುಚ್ಚಿ ಮಲಗಿದೆ. ಡಾಕ್ಟರಮ್ಮ ಒಂದೇ ಜಾಗವನ್ನು ಮತ್ತೆ ಮತ್ತೆ ಒತ್ತಿ ನೋಡಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆಗ ತೊಡೆಗೆ ಫಟ್ಟನೆ ಏಟು ಬಿತ್ತು.

"ಬೀಜ ಬೇರೆ, ಗಂಟು ಬೇರೆ ಕಣೋ! ನೋಡಿಲ್ಲಿ, ಮಧ್ಯೆ ಗೆರೆ. ಇಂಥದ್ದು ಭಾಳ ಅಪರೂಪ. ಹೊರಗಿನ ಗಂಟು ಸಾಮಾನ್ಯವಾಗಿ ಕೆಟ್ಟದ್ದಿರಲ್ಲ. ಅದನ್ನಷ್ಟೇ ಬಿಡಿಸಕ್ಕಾಗುತ್ತಾ ನೋಡಿ ಅಂತ ಸರ್ಜನ್‌ಗೆ ನಾನೇ ಫೋನ್ ಮಾಡ್ತೀನಿ."

ಹಾಗೆಯೇ ಆಯಿತು, ಬೀಜ ಉಳಿಯಿತು. ಗಂಟು ಪರೀಕ್ಷೆಗೆ ಹೋಗಿ, ಕ್ಯಾನ್ಸರ್ ಅಲ್ಲವೆಂದು ಬಂತು. ಮದುವೆಯಾದ ಮಾರನೆಯ ವರ್ಷ ಅದೇ ಮಂಚದ ಮೇಲೆ ನನ್ನ ಹೆಂಡತಿ ಮಲಗಿದ್ದಳು. ಡಾಕ್ಟರಮ್ಮ ಪರದೆ ನೋಡಿ ಕಿಟಕಿ ಅದುರುವಂತೆ ನಕ್ಕರು. "ಬೀಜ ಮೊಳಕೆ ಒಡೀತು ಕಣೋ!" ಎಷ್ಟು ಸಂತೋಷವಾಯಿತೆಂದರೆ, ಅಲ್ಲೇ ಅತ್ತುಬಿಟ್ಟೆ.

ಡಾಕ್ಟರಮ್ಮ ತೀರಿಕೊಂಡ ದಿನ ಅವರ ಮನೆ ಮುಂದೆ ಹೆಂಗಸರದ್ದೇ ಸಾಲು. ನಾನೂ ಮಗಳೂ ಹೂವು ಹಿಡಿದು ನಿಂತಿದ್ದೆವು. ಮುಂದಿದ್ದ ಮುದುಕಿ ತಿರುಗಿ, "ನಿಮ್ಮನೆಯೋರು ಇವ್ರ ಹತ್ರಾನೇ ತೋರಿಸ್ತಿದ್ರೇನಪ್ಪಾ?" ಎಂದಳು.

"ಅವಳಿಗಿಂತ ಮೊದಲು ನಾನೇ ತೋರಿಸಿದ್ದು ಕಣಮ್ಮಾ. ಬೀಜದ ಗಂಟು!" ಎಂದೆ, ಸಾಲಿಗೆಲ್ಲ ಕೇಳುವ ಹಾಗೆ.